ಧ್ವನಿಯಲ್ಲೇ ಮನೆ ಗುರುತಿಸುತ್ತಿದ್ದ ಫೋನಮ್ಮ

ಊರಲ್ಲಿ ಬೆಂಕಿ ಬಿದ್ದರೆ ಆಗೆಲ್ಲ ಜನ ವಿಳಾಸ ಹೇಳುತ್ತಿರಲಿಲ್ಲ. ಫೋನ್ ಎತ್ತಿ, "ಬೇಗ ಬನ್ನಿ, ಅಡುಗೆಮನೆ ಹೊತ್ಕೊಂಡಿದೆ" ಎಂದು ಕೂಗಿ ಇಟ್ಟುಬಿಡುತ್ತಿದ್ದರು. ಯಾರ ಅಡುಗೆಮನೆ, ಯಾವ ಬೀದಿ ಎಂಬುದೆಲ್ಲ ಫೋನಮ್ಮನ ತಲೆನೋವು. ಅವಳು ಧ್ವನಿ ಕೇಳಿದಳೆಂದರೆ ಮುಗಿಯಿತು. ಮನೆ ಯಾವುದೆಂದಷ್ಟೇ ಅಲ್ಲ, ಆ ಮನೆಯ ಒಲೆ ಯಾವ ಮೂಲೆಯಲ್ಲಿದೆ ಎಂಬುದೂ ಅವಳಿಗೆ ಗೊತ್ತಿರುತ್ತಿತ್ತು.

ಫೋನಮ್ಮ ಎಂದರೆ ಟೈಲರ್‌ನ ಹೆಂಡತಿ. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಅದು ಮತದಾರರ ಪಟ್ಟಿಯಲ್ಲಿ ತೆಪ್ಪಗೆ ಬಿದ್ದಿತ್ತು. ಟೈಲರ್ ಹೊಟ್ಟೆಪಾಡಿಗೆ ಬಟ್ಟೆ ಹೊಲಿಯುತ್ತಿದ್ದ, ಮನಸ್ಸಿಗೆ ಬೆಂಕಿ ಆರಿಸುತ್ತಿದ್ದ. ಊರಿನ ಬೆಂಕಿ ಪಡೆಗೆ ಅವನೇ ಮುಖ್ಯಸ್ಥ. ಪಡೆಯಲ್ಲಿದ್ದದ್ದು ಹದಿನಾಲ್ಕು ಜನ: ಕ್ಷೌರಿಕ, ಬೇಕರಿಯವನು, ಡ್ರಾಯಿಂಗ್ ಮೇಷ್ಟ್ರು, ಹೀಗೆ ಒಬ್ಬೊಬ್ಬರೂ ಒಂದೊಂದು ಕಸುಬಿನವರು. ಯಾರಿಗೂ ಸಂಬಳವಿಲ್ಲ. ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಸೈರನ್, ಅದರ ಸ್ವಿಚ್ಚು ಫೋನಮ್ಮನ ಅಡುಗೆಮನೆಯ ಗೋಡೆಯಲ್ಲಿ, ಫೋನು ಹೊಲಿಗೆ ಕೋಣೆಯಲ್ಲಿ ಕತ್ತರಿ ಹಾಕುವ ಮೇಜಿನ ಪಕ್ಕ.

ಮದುವೆಯಾಗಿ ಬಂದ ಹೊಸತರಲ್ಲಿ ಫೋನ್ ಗಂಟೆ ಹೊಡೆದರೆ ಅವಳು ಗಂಡನನ್ನೇ ಕೂಗುತ್ತಿದ್ದಳು. ಆದರೆ ಹೊಲಿಗೆ ಯಂತ್ರದ ಕಟಕಟದಲ್ಲಿ ಟೈಲರ್‌ಗೆ ಗಂಟೆಯೇ ಕೇಳಿಸದು. ಹೀಗಾಗಿ ಕೆಲಸ ಅವಳ ಕೊರಳಿಗೆ ಬಿತ್ತು. ಬಟ್ಟೆ ಕೊಡಲು ಬಂದವರನ್ನೆಲ್ಲ ಕೂರಿಸಿ ಮಾತಾಡಿಸಿ ಮಾತಾಡಿಸಿ, ಎರಡೇ ವರ್ಷದಲ್ಲಿ ಇಡೀ ಊರಿನ ಗಂಟಲು ಅವಳಿಗೆ ಕರತಲಾಮಲಕವಾಯಿತು. ಗಂಡ ಅಳತೆ ತೆಗೆದುಕೊಳ್ಳುತ್ತಿದ್ದ, ಇವಳು ದನಿ ತೆಗೆದುಕೊಳ್ಳುತ್ತಿದ್ದಳು. ಅಕ್ಕತಂಗಿಯರ ದನಿಗಳನ್ನೂ ಬೇರ್ಪಡಿಸಬಲ್ಲ ಹೆಂಗಸು ಅವಳು. ಅದರ ಬಗ್ಗೆ ಒಂದಿಷ್ಟು ಜಂಬವೂ ಇತ್ತು ಅನ್ನಿ. ಇರಬಾರದೇನು?

ಫೋನ್ ಬಂದ ಕೂಡಲೇ ಸೈರನ್ ಒತ್ತಿ, ಸ್ಲೇಟಿನ ಮೇಲೆ "ಬೇಕರಿ ಹಿಂದೆ, ಬಾವಿ ಪಕ್ಕ" ಎಂದು ಬರೆದು ಗೇಟಿಗೆ ನೇತುಹಾಕುತ್ತಿದ್ದಳು. ಗಂಡಸರು ಇದ್ದಬದ್ದದ್ದನ್ನು ಅಲ್ಲೇ ಬಿಟ್ಟು ಓಡಿಬರುತ್ತಿದ್ದರು. ಕ್ಷೌರಿಕ ಒಮ್ಮೆ ಗಿರಾಕಿಯ ಒಂದು ಕಡೆ ಮೀಸೆ ತೆಗೆದು ಕತ್ತಿ ಕೆಳಗಿಟ್ಟು ಓಡಿದ. ಹುಲ್ಲಿನ ಬಣವೆ ಆರುವ ಹೊತ್ತಿಗೆ ಸಂಜೆಯಾಗಿತ್ತು. ಅಷ್ಟರಲ್ಲಿ ಗಿರಾಕಿ ಹಾಗೇ ಬ್ಯಾಂಕಿಗೆ ಹೋಗಿ, ಪೋಸ್ಟಾಫೀಸಿಗೂ ಹೋಗಿ ಬಂದಿದ್ದ. ಸಾಯುವ ತನಕ ಊರು ಅವನನ್ನು ಅರ್ಧಮೀಸೆ ಎಂದೇ ಕರೆಯಿತು.

ಗಂಡಸರು ಮಸಿ ಬಳಿದುಕೊಂಡು ವಾಪಸಾದಾಗ ಹಂಡೆಯಲ್ಲಿ ಬಿಸಿನೀರು ಕಾದಿರುತ್ತಿತ್ತು. ಫೋನಮ್ಮ ಗೇಟಿನಲ್ಲಿ ನಿಂತು ತಲೆ ಎಣಿಸುತ್ತಿದ್ದಳು. ಹದಿನಾಲ್ಕು ಆದ ಮೇಲೆಯೇ ಅವಳ ಉಸಿರು ಕೆಳಗಿಳಿಯುತ್ತಿದ್ದದ್ದು. ಆಮೇಲೆ ಜಗುಲಿಯ ಮೇಲೆ ಚಹಾ, ನಗು, ಯಾರು ಪೈಪು ಹಿಡಿದು ಯಾರನ್ನು ಕೆಡವಿದರೆಂಬ ಜಗಳ. ಅಂಥ ಸಂಜೆಗಳನ್ನು ಅವಳು ಈಗಲೂ ನೆನೆಯುತ್ತಾಳೆ.

ಊರು ಬೆಳೆಯಿತು. ರೈಲು ಗೇಟಿನಾಚೆ ಕಾರ್ಖಾನೆ ಬಂತು, ಕಾರ್ಖಾನೆಯ ಬೆನ್ನಿಗೇ ಬಡಾವಣೆ ಬಂತು. ಅಲ್ಲಿಯವರು ರೆಡಿಮೇಡ್ ಬಟ್ಟೆ ಹಾಕುವವರು, ಟೈಲರ್ ಅಂಗಡಿಯ ಹೊಸ್ತಿಲು ತುಳಿದವರಲ್ಲ. ಹಾಗೆ ಬಂದ ಒಬ್ಬ ಕಾರ್ಖಾನೆ ನೌಕರನಿಗೆ ನಮ್ಮ ಹಳಬರೊಬ್ಬರು ಉಪದೇಶ ಮಾಡಿದ್ದರಂತೆ: "ಬೆಂಕಿಗಿಂಕಿ ಬಿದ್ರೆ ಫೋನಮ್ಮಂಗೆ ಒಂದು ಮಾತು ಹೇಳಿಬಿಡಿ, ಸಾಕು. ಅವರೇ ಬರ್ತಾರೆ." ಅವನು ಅದನ್ನು ಅಕ್ಷರಶಃ ನಂಬಿದ.

ಒಂದು ಬೆಳಿಗ್ಗೆ ಫೋನ್ ಬಂತು. "ಮನೆಗೆ ಬೆಂಕಿ ಬಿದ್ದಿದೆ, ಅಪ್ಪ ಒಳಗಿದ್ದಾರೆ, ಬೇಗ ಬನ್ನಿ." ಫೋನಮ್ಮ ಎಂದಿನಂತೆ ಆ ದನಿಯನ್ನು ತಲೆಯೊಳಗೆ ಹುಡುಕಿದಳು. ಹಾಲಿನವನ ಅಳಿಯನೇ? ಅಲ್ಲ. ಅಂಚೆಯವನ ತಮ್ಮನೇ? ಅಲ್ಲ. ಅಷ್ಟರಲ್ಲಿ ಫೋನ್ ಕಟ್ ಆಯಿತು. "ಯಾರಪ್ಪಾ, ಎಲ್ಲಿ?" ಎಂದು ಕೇಳಲು ಅದಕ್ಕೆ ಮುಂಚೆ ಅವಳಿಗೆ ಒಂದು ಗಳಿಗೆ ಸಮಯವಿತ್ತು. ಕೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಯಾರನ್ನೂ ಹಾಗೆ ಕೇಳಿದವಳಲ್ಲ.

ಸೈರನ್ ಕೂಗಿತು, ಹದಿನಾಲ್ಕೂ ಜನ ಬಂದರು. ಸ್ಲೇಟು ಖಾಲಿ. ಬೆಂಕಿ ಆರಿಸುವ ಗಾಡಿಯ ಇಂಜಿನ್ ಚಾಲೂ ಮಾಡಿಕೊಂಡು ನಿಂತರು, ಹೋಗುವುದೆಲ್ಲಿಗೆ? ಕೊನೆಗೆ ರೈಲು ಗೇಟಿನಾಚೆ ಹೊಗೆ ಎದ್ದದ್ದು ಕಂಡು ಓಡಿದಾಗ ಇಪ್ಪತ್ತು ನಿಮಿಷ ಕಳೆದಿತ್ತು. ಮುದುಕರನ್ನೇನೋ ಹೊರಗೆ ತಂದರು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಬದುಕಿದರು, ಆದರೆ ಆಮೇಲೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮಗ ಒಂದು ದಿನ ಟೈಲರ್ ಮನೆಗೆ ಬಂದ. ಬೈಯಲು ಬಂದನೆಂದು ಫೋನಮ್ಮ ತಲೆತಗ್ಗಿಸಿ ನಿಂತಳು. ಅವನೋ, "ತಪ್ಪು ನಂದೇ ಅಮ್ಮಾ, ಹೆಸರು ಹೇಳ್ಬೇಕಿತ್ತು" ಎಂದ. ಬೈದಿದ್ದರೇ ಚೆನ್ನಾಗಿತ್ತು.

ಅದೇ ವರ್ಷ ಪುರಸಭೆಯಲ್ಲಿ ಸಭೆ ಸೇರಿತು. ಬೆಂಕಿಗೂ ಆಂಬುಲೆನ್ಸಿಗೂ ಸಂಬಳದ ಸಿಬ್ಬಂದಿಯ ತುರ್ತು ಸೇವಾ ಠಾಣೆ ಬೇಕೋ ಬೇಡವೋ ಎಂಬುದೇ ವಿಷಯ. ಟೈಲರ್ ಎದ್ದು ನಿಂತು ಮಾತಾಡಿದ. "ಸಂಬಳಕ್ಕೆ ಬರೋರು ಗಡಿಯಾರ ನೋಡ್ಕೊಂಡು ಬರ್ತಾರೆ. ನಾವು ಊಟದ ತಟ್ಟೆ ಬಿಟ್ಟು ಬಂದೋರು. ಊರಿನ ಕರುಳು ಅವರಿಗೇನು ಗೊತ್ತು?" ಚಪ್ಪಾಳೆ ಬಿತ್ತು. ಆ ಹುರುಪಿನಲ್ಲೇ ಹೆಂಡತಿಯ ಕಡೆ ಕೈತೋರಿಸಿ, "ಬೇಕಿದ್ರೆ ಇವಳನ್ನೇ ಕೇಳಿ" ಎಂದ.

ಫೋನಮ್ಮ ಎದ್ದಳು. ಸೆರಗಿನ ತುದಿ ಹಿಂಡುತ್ತ ಹೇಳಿದಳು: "ಈಗ ಊರಲ್ಲಿ ಅರ್ಧ ಜನರ ದನಿ ನಂಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಒಪ್ಕೊಳ್ಳೋಕೂ ನಂಗೆ ಬರಲ್ಲ. ಇನ್ನೊಂದು ಮನೆ ಸುಡೋದು ಬೇಡ. ಸಂಬಳದವರೇ ಬರ್ಲಿ."

ಟೈಲರ್ ಮೆಲ್ಲನೆ ಕುಳಿತುಕೊಂಡ.

ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಠಾಣೆ ಬಂತು, ಸಮವಸ್ತ್ರದ ಹುಡುಗ ಹುಡುಗಿಯರು ಬಂದರು, ಟ್ಯಾಂಕಿನ ಮೇಲಿಂದ ಸೈರನ್ ಇಳಿಯಿತು. ಅದನ್ನು ಇಳಿಸುವಾಗ ಟೈಲರ್ ಅಂಗಡಿಯಿಂದ ಹೊರಗೇ ಬರಲಿಲ್ಲ. ಉಪ್ಪು ಕಡಿಮೆಯಾಯಿತು, ಗುಂಡಿ ಹೊಲಿಯುವ ದಾರ ಮುಗಿಯಿತು, ಹೀಗೆ ಎಲ್ಲವನ್ನೂ ಅವಳೊಂದಿಗೆ ಮಾತಾಡುತ್ತಿದ್ದ. ಆ ಸಭೆಯ ಸುದ್ದಿಯನ್ನು ಮಾತ್ರ ನಾಲ್ಕು ವರ್ಷ ಎತ್ತಲಿಲ್ಲ. ತುಂಬಿದ ಸಭೆಯಲ್ಲಿ ಗಂಡನ ಮಾತನ್ನು ಮುರಿದೆನಲ್ಲ, ಇವರು ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ಎಂದು ಅವಳು ಒಳಗೊಳಗೇ ಬೇಯುತ್ತಿದ್ದಳು. ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಕತ್ತರಿ ಕೈಗೆತ್ತಿಕೊಂಡ ಟೈಲರ್ ಎದೆ ಹಿಡಿದುಕೊಂಡು ಮೇಜಿನ ಬುಡದಲ್ಲಿ ಕುಸಿದ. ಮುಖವೆಲ್ಲ ಬೆವರು. ಫೋನಮ್ಮ ಠಾಣೆಯ ಸಂಖ್ಯೆ ಒತ್ತಿದಳು.

"ತುರ್ತು ಸೇವೆ, ಹೇಳಿ" ಎಂದಿತು ಒಂದು ಹುಡುಗಿಯ ದನಿ.

"ಬೇಗ ಬಾರಮ್ಮಾ, ನಮ್ಮನೆಯವರು ಬಿದ್ದುಬಿಟ್ರು" ಎಂದವಳೇ ಫೋನ್ ಇಡಲು ಹೊರಟಿದ್ದಳು.

"ಇಡಬೇಡಿ, ಇಡಬೇಡಿ. ಎಲ್ಲಿಂದ ಮಾತಾಡ್ತಿದ್ದೀರಿ?"

"ಟೈಲರ್ ಮನೆ."

"ಯಾವ ಟೈಲರ್ ಅಮ್ಮಾ? ಮನೆ ನಂಬರ್ ಎಷ್ಟು, ಯಾವ ರಸ್ತೆ?"

ಊರಿಗೆ ಊರೇ ಗೊತ್ತಿದ್ದವಳಿಗೆ ತನ್ನ ಮನೆಯ ನಂಬರ್ ಗೊತ್ತಿರಲಿಲ್ಲ. ಯಾರೂ ಯಾವತ್ತೂ ಅವಳಲ್ಲಿ ಅದನ್ನು ಕೇಳಿರಲಿಲ್ಲ.

ಆಗ ನೆಲದ ಮೇಲಿಂದ ಕ್ಷೀಣವಾಗಿ ದನಿ ಬಂತು. "ಇನ್ನೂರ ಹದಿನೇಳು… ಮೂರನೇ ಅಡ್ಡರಸ್ತೆ… ಹೇಳು."

ಹೇಳಿದಳು. ಏಳನೇ ನಿಮಿಷಕ್ಕೆ ಗಾಡಿ ಬಾಗಿಲಲ್ಲಿತ್ತು. ಬಂದವರಿಗೆ ಟೈಲರ್ ಯಾರೆಂದು ಗೊತ್ತಿರಲಿಲ್ಲ. ವಯಸ್ಸೆಷ್ಟು, ನೋವು ಎಷ್ಟೊತ್ತಿನಿಂದ ಎಂದಷ್ಟೇ ಕೇಳಿದರು. ಒಬ್ಬ ಮೂಗಿಗೆ ಆಮ್ಲಜನಕ ಹಿಡಿದ, ಇನ್ನಿಬ್ಬರು ಒಂದಿಷ್ಟೂ ಅಲುಗಾಡಿಸದಂತೆ ಅವನನ್ನೆತ್ತಿ ಗಾಡಿಯೊಳಗೆ ಮಲಗಿಸಿದರು. ಹತ್ತು ನಿಮಿಷ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು.

ಮೂರನೇ ದಿನ ಆಸ್ಪತ್ರೆಯಲ್ಲಿ ದಿಂಬಿಗೊರಗಿದ್ದ ಅವನಿಗೆ ಗಂಜಿ ಕುಡಿಸುತ್ತ ಅವಳು ಕೇಳಿಯೇಬಿಟ್ಟಳು. "ರೀ, ಮನೆ ನಂಬರ್ ನಿಮಗೆ ಹೆಂಗೆ ಗೊತ್ತಿತ್ತು?"

"ಸಭೆ ಆದ ಮಾರನೇ ದಿನಾನೇ ಬಾಯಿಪಾಠ ಮಾಡ್ಕೊಂಡೆ" ಎಂದ ಟೈಲರ್. "ಇನ್ಮೇಲೆ ಕೇಳ್ತಾರೆ ಅಂತ ಗೊತ್ತಿತ್ತಲ್ಲ."

ಅವಳು ಚಮಚವನ್ನು ಬಟ್ಟಲಲ್ಲೇ ಬಿಟ್ಟಳು.

"ನೀನು ಹೇಳಿದ್ದೇ ಸರಿ ಕಣೇ. ಅವತ್ತೇ ನಾನು ಎದ್ದು ನಿಂತು ಹೇಳ್ಬೇಕಿತ್ತು. ಉರಿಯೋ ಮನೆಗೆ ನುಗ್ಗಿದ್ದೀನಿ, ಇದೊಂದು ಮಾತಿಗೆ ಧೈರ್ಯ ಸಾಲಲಿಲ್ಲ."

ಫೋನಮ್ಮ ಆಸ್ಪತ್ರೆಯೆಂಬುದನ್ನೂ ಮರೆತು ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದ ಮಂಚದವರು ಏನೋ ಆಗಬಾರದ್ದು ಆಯಿತೆಂದುಕೊಂಡು ನರ್ಸನ್ನು ಕೂಗಿದರು.