ಸರಳಮ್ಮನ ಮರಗಟ್ಟಿದ ಕೈ

ಮಾಲೂರು ಕಡೆಯ ಸರಳಮ್ಮ ಗಂಡ ರಾಮಕೃಷ್ಣಪ್ಪನೊಂದಿಗೆ ಗಡಿಯಾಚೆ ತಮಿಳು ಸೀಮೆಯ ಮೂಕಂಡಪಲ್ಲಿಗೆ ಬಂದು ಹದಿನಾರು ವರ್ಷವಾಗಿತ್ತು. ಸಣ್ಣದೊಂದು ಫ್ಯಾಕ್ಟರಿಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುವುದು ಅವಳ ಕೆಲಸ. ಮಾತಾಡುತ್ತಲೇ ಸುತ್ತುತ್ತಿದ್ದಳು, ಸುತ್ತು ತಪ್ಪುತ್ತಿರಲಿಲ್ಲ. ಯಾರ ಕೈಲೂ ಒಂದು ಲೋಟ ನೀರು ತರಿಸಿಕೊಂಡವಳಲ್ಲ. 2006ರ ಆಷಾಢದಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಪ್ಲೇಟು ಹಾಕಬೇಕು ಎಂದರು.

"ಪೂರ್ತಿ ಮತ್ತು ಕೊಟ್ಬುಡಿ ಡಾಕ್ಟ್ರೇ, ನಂಗೇನೂ ಗೊತ್ತಾಗ್ಬಾರ್ದು," ಎಂದು ಬೇಡಿಕೊಂಡಳು.

"ನಿಮಗೆ ಉಬ್ಬಸ ಇದೆಯಲ್ಲಮ್ಮ. ಕೈಯೊಂದನ್ನೇ ಮರಗಟ್ಟಿಸ್ತೀನಿ. ಎಚ್ಚರ ಇರ್ತೀರ. ಮುಟ್ಟೋದು, ಎಳೆಯೋದು ಗೊತ್ತಾಗ್ಬೋದು. ನೋವಾದ್ರೆ ಮಾತ್ರ ತಕ್ಷಣ ಹೇಳಿ," ಎಂದರು ಅರಿವಳಿಕೆ ಡಾಕ್ಟರು.

ಕಂಕುಳಲ್ಲಿ ಸೂಜಿ ಚುಚ್ಚಿದರು. ಬೆರಳುಗಳು ಜುಮುಗುಟ್ಟಿದವು, ತೋಳೆಲ್ಲ ಬೆಚ್ಚಗಾಯಿತು, ಸ್ವಲ್ಪ ಹೊತ್ತಿಗೆ ಕೈಯೇ ಇಲ್ಲವಾಯಿತು. ಎತ್ತಲು ನೋಡಿದಳು, ಏಳಲಿಲ್ಲ. ನರ್ಸು ಅದನ್ನೆತ್ತಿ ಹಲಗೆಯ ಮೇಲಿಟ್ಟಾಗ ಬೇರೆ ಯಾರದೋ ಕೈಯೆಂಬಂತೆ ನೋಡುತ್ತ ಮಲಗಿದಳು. ಹಸಿರು ಬಟ್ಟೆಯ ಮರೆಯಲ್ಲಿ ಡ್ರಿಲ್ ಶುರುವಾಯಿತು. ಫ್ಯಾಕ್ಟರಿಯಲ್ಲಿ ದಿನಾ ಕೇಳುವ ಸದ್ದೇ. ಇಲ್ಲಿ ಕೊರೆಯುತ್ತಿದ್ದುದು ತನ್ನ ಮೂಳೆ. ನೋವಿರಲಿಲ್ಲ. ಆದರೂ ಕಣ್ಣೀರು ಕಿವಿಗಿಳಿಯಿತು. ಒರೆಸಿಕೊಳ್ಳೋಣವೆಂದರೆ ಎಡಗೈಗೆ ಗ್ಲೂಕೋಸ್ ಹಾಕಿದ್ದರು.

ಮಧ್ಯಾಹ್ನ ಮನೆಗೆ ಕಳಿಸುವಾಗ ನರ್ಸು ರಾಮಕೃಷ್ಣಪ್ಪನಿಗೆ ತಮಿಳಿನಲ್ಲಿ ಹೇಳಿದಳು: ಕೈ ಕೊರಳಿಗೆ ಕಟ್ಟಿದ ಜೋಲಿಯಲ್ಲೇ ಇರಲಿ, ಬಿಸಿ ತಾಕಿದರೂ ಪೆಟ್ಟಾದರೂ ತಿಳಿಯುವುದಿಲ್ಲ; ಜೋಮು ಇಳಿಯುವ ಮುಂಚೆಯೇ ನೋವಿನ ಮಾತ್ರೆ ನುಂಗಿಸಿ.

ಮನೆಯಲ್ಲಿ ಅವನು ಮಾತ್ರೆ ಚಾಚಿದ.

"ನೋವೇ ಇಲ್ವಲ್ಲ, ಸುಮ್ಕೆ ಯಾಕೆ ನುಂಗ್ಲಿ?" ಎಂದಳು.

ಅವನು ಮಾತ್ರೆಯನ್ನು ಮತ್ತೆ ಕವರಿಗೆ ಹಾಕಿಟ್ಟ. ಎಡಗೈಯಲ್ಲಿ ತಲೆ ಬಾಚಿಕೊಳ್ಳಹೋದಾಗ ಅವಳ ಜೋಲಿ ಸಡಿಲಿತು. ಬಲಗೈ ಜಾರಿ ಕಬ್ಬಿಣದ ಮಂಚಕ್ಕೆ ಬಡಿಯಿತು. ಬಡಿದದ್ದು ಅವಳಿಗೆ ತಿಳಿದದ್ದು ಸದ್ದಿನಿಂದಲೇ. ಗಂಡ ಬಂದು ಆ ಕೈಯನ್ನೆತ್ತಿ ಅವಳ ಮಡಿಲಲ್ಲಿಟ್ಟ.

ಸಂಜೆ ಆರಕ್ಕೆ ಹೆಬ್ಬೆರಳು ಮಿಸುಕಿತು. ಅವಳು ನಕ್ಕಳು. ಅರ್ಧ ಗಂಟೆಯಲ್ಲಿ ಮಣಿಕಟ್ಟಿಗೆ ಬೆಂಕಿ ಬಿದ್ದಂತಾಯಿತು. ಆಗ ನುಂಗಿದ ಮಾತ್ರೆ ಕೆಲಸ ಮಾಡುವಷ್ಟರಲ್ಲಿ ಹಲ್ಲು ಕಚ್ಚಿ ಕಚ್ಚಿ ದವಡೆ ಸೋತಿತ್ತು. ರಾಮಕೃಷ್ಣಪ್ಪ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದ.

"ನರ್ಸಮ್ಮ ಹೇಳಿದ್ರು ಕಣೇ. ನಾನು ಬಲವಂತ ಮಾಡ್ಬೇಕಿತ್ತು."

"ನೀವೇನ್ ಮಾಡ್ತೀರ, ಬುಡಿ. ನಾನೇ ಕೇಳ್ಲಿಲ್ಲ."

ಮೂರು ತಿಂಗಳಿಗೆ ಮೂಳೆ ಕೂಡಿತು. ಬೆರಳ ಹಿಡಿತ ಮಾತ್ರ ಮೊದಲಿನಂತಾಗಲಿಲ್ಲ. ಫ್ಯಾಕ್ಟರಿಯವರು ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಸರಳಮ್ಮ ಹೋಗಿ ರಟ್ಟಿನ ಡಬ್ಬಗಳ ಮುಂದೆ ನಿಂತಳು.