ಎಲ್ಲರಿಗೂ ತೆರೆದ ಬಾವಿ

ಇಲ್ಲಿ ನನ್ನನ್ನು ಕಂಡವರು ಮೊದಲು ಕೇಳಿದ್ದು ಹೆಸರಲ್ಲ, ಅಡ್ಡಹೆಸರು. ಅದು ನನ್ನ ಬಳಿ ಇರಲೇ ಇಲ್ಲ! ನಮ್ಮ ಕೊಳ್ಳೇಗಾಲದ ಕಡೆ ಹೆಸರಿನ ಮುಂದೆ ಒಂದಕ್ಷರ ಅಂಟಿಸಿಕೊಂಡು ಬದುಕು ಮುಗಿಸುತ್ತೇವೆ. ಹಾವೇರಿ ಸೀಮೆಯಲ್ಲಿ ಊರು, ಕಸುಬು, ಮನೆತನ, ಕೆಲವರಿಗೆ ಕಾಯಿಪಲ್ಲೆಯೂ ಅಡ್ಡಹೆಸರೇ. ಅದೊಂದು ಗೊತ್ತಾದರೆ ಎದುರಿನವರು ಯಾರ ಪೈಕಿ ಎಂಬುದೂ ಗೊತ್ತಾಗಿಬಿಡುತ್ತದೆ. ಈ ಕಡೆಯ ಶಾಲೆಗೆ ವರ್ಗವಾಗಿ ಬಂದು ಬ್ಯಾಡಗಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ನಾನು ಆರ್. ಮಂಜುಳ ಎಂದರೆ, ಆರ್ ಅಂದರೇನು ಎನ್ನುತ್ತಿದ್ದರು. ಅಪ್ಪನ ಹೆಸರು ಎಂದರೆ, ಅಪ್ಪನ ಅಡ್ಡಹೆಸರೇನು ಎನ್ನುತ್ತಿದ್ದರು. ನಾಲ್ಕು ಮನೆಗಳಲ್ಲಿ ಇದ್ದಕ್ಕಿದ್ದಂತೆ ನೆಂಟರು ಬರುವವರಿದ್ದರು.

ಐದನೆಯದು ಗೌರವ್ವನ ಮನೆ. ಗಂಡ ತೀರಿಕೊಂಡಿದ್ದಾರೆ, ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದಾರೆ. ವ್ಯಾಪಾರಸ್ಥರು ಮೆಣಸಿನಕಾಯಿ ಚೀಲ ಇಳಿಸಿ ಹೋಗುತ್ತಾರೆ, ಏಳೆಂಟು ಹೆಂಗಸರು ಪಡಸಾಲೆಯಲ್ಲಿ ಕುಳಿತು ತೊಟ್ಟು ಬಿಡಿಸುತ್ತಾರೆ. ಆ ಘಾಟಿಗೆ ನಾನು ಸೀನುತ್ತಾ ನಿಂತಿದ್ದಾಗ ನನ್ನ ಚೀಲದಲ್ಲಿದ್ದ ಮಾದಪ್ಪನ ಪಟ ಅವರ ಕಣ್ಣಿಗೆ ಬಿತ್ತು. ನನ್ನ ಹಣೆಯ ವಿಭೂತಿ ನೋಡಿದರು. "ಹಂಗಾರ ನಮ್ಮವರs ಆದ್ರಿ, ಬರ್ರಿ ಒಳಗ" ಎಂದರು. ನಮ್ಮ ಕಡೆ ಮಾದಪ್ಪನಿಗೆ ಎಲ್ಲ ಜಾತಿಯವರೂ ಒಕ್ಕಲು, ಪರಿಶಿಷ್ಟ ಜಾತಿಯ ನಮ್ಮ ಕೇರಿಯೂ ಒಕ್ಕಲು. ಅದನ್ನು ಹೇಳಬೇಕಿತ್ತು. ಕಾಲು ಸೋತಿತ್ತು, ಬಾಯಿ ಮುಚ್ಚಿಕೊಂಡು ಕೀಲಿಕೈ ಇಸಿದುಕೊಂಡೆ.

ಆಮೇಲಿನ ದಿನಗಳೆಲ್ಲ ಗುಮಾನಿಯವು. ಟೀಚರಿಗೆ ಇಲ್ಲಿ ಅಕ್ಕೋರು ಎನ್ನುತ್ತಾರೆ. ಅಕ್ಕೋರ ಎಂದು ಯಾರಾದರೂ ಕರೆದರೆ ಎದೆ ಧಸಕ್ಕೆನ್ನುತ್ತಿತ್ತು, ಗೊತ್ತಾಯಿತೇನೋ ಎಂದು. ಗೌರವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ ತಂದುಕೊಟ್ಟರೆ ಇದು ಯಾರಿಗೆ ಕೊಡುತ್ತಿರುವ ರೊಟ್ಟಿ ಎಂದು ಯೋಚನೆ. ಹಾಳು ಮನಸ್ಸು, ತಿನ್ನುವಾಗಲೂ ಲೆಕ್ಕ ಹಾಕುತ್ತದೆ. ಮುದ್ದೆ ನುಂಗಿ ಬೆಳೆದವಳಿಗೆ ಇಲ್ಲಿನ ಒಣಗಿದ ಕಟಿ ರೊಟ್ಟಿ ಅಗಿಯಲು ಬರುವಷ್ಟರಲ್ಲಿ ಮೂರು ತಿಂಗಳು ಕಳೆಯಿತು. ಒಂದು ದಿನ ಗೌರವ್ವನ ಕೈಯಿಂದ ಹಿಟ್ಟು ಇಸಿದುಕೊಂಡು ನಾನೇ ರೊಟ್ಟಿ ಬಡಿದೆ, ಅಂಚು ಹರಿಯಲಿಲ್ಲ. ಅಷ್ಟಕ್ಕೇ ಹಿಗ್ಗಿ ಊರಿಗೆ ಫೋನು ಮಾಡಿ ಹೇಳಿಕೊಂಡೆ.

ನನ್ನ ಶಾಲೆ ಇರುವುದು ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯಲ್ಲಿ. ಹೆಸರು ಬೇಡ. ನಾನು ಕಲಿಸುವುದು ಸಮಾಜ ವಿಜ್ಞಾನ. ಬೆಳಿಗ್ಗೆ ಮಕ್ಕಳು ಸಾಲಾಗಿ ನಿಂತು ಸಂವಿಧಾನದ ಪೀಠಿಕೆ ಓದುತ್ತಾರೆ, ನಾನು ಹಿಂದೆ ನಿಂತು ಆ 'ನಾವು' ಎಂಬ ಮಾತಿನಲ್ಲಿ ಯಾರು ಯಾರು ಇದ್ದಾರೆ ಎಂದು ಮುಖಗಳನ್ನು ನೋಡುತ್ತೇನೆ. ಊರಿಗೆ ಒಂದು ಹೆಮ್ಮೆಯ ಕಥೆ ಇದೆ. ದೇಶ ಸ್ವತಂತ್ರವಾದ ವರ್ಷ ಇಲ್ಲಿನ ಹಿರಿಯರು ತಾವಾಗಿಯೇ ಊರ ಬಾವಿಯನ್ನು ಎಲ್ಲರಿಗೂ ತೆರೆದರಂತೆ. ಸಂವಿಧಾನ ದಿನಕ್ಕೆ ಮಕ್ಕಳಿಂದ ಅದನ್ನೇ ನಾಟಕ ಮಾಡಿಸಿ ಎಂದು ಹೆಡ್‌ಮಾಸ್ತರರು ಹೇಳಿದರು. ನನಗೆ ಒಳಗೊಳಗೇ ಕಸಿವಿಸಿ. ಇಂಥ ಕಥೆ ನಮ್ಮೂರಲ್ಲೂ ಇದೆ, ಅದನ್ನು ಹೇಳುವವರು ಯಾವಾಗಲೂ ತೆರೆದವರ ಮೊಮ್ಮಕ್ಕಳೇ. ನೀರು ಸೇದಿದವರು ಏನೆಂದರು ಎಂದು ಯಾರೂ ಕೇಳಿದ್ದಿಲ್ಲ.

ಕೇಳೋಣ ಎನಿಸಿತು. ಗೌರವ್ವನ ಪಡಸಾಲೆಗೆ ಆ ಹಳ್ಳಿಯಿಂದಲೇ ದಿನಾ ಬರುವ ನಾಗವ್ವ ಎಂಬ ಮುದುಕಿ ಇದ್ದಾಳೆ, ಅಲ್ಲಿನ ಕೆಳಗೇರಿಯವಳು. ಭಾನುವಾರ ಅವಳ ಪಕ್ಕ ಕುಳಿತು ತೊಟ್ಟು ಬಿಡಿಸಲು ಕಲಿತೆ. ಅದೂ ಒಂದು ವಿದ್ಯೆಯೇ. ಕಾಯಿ ಒಡೆಯಬಾರದು, ಬೀಜ ಚೆಲ್ಲಬಾರದು. ಕೈ ಭಗಭಗ ಉರಿಯುತ್ತಿತ್ತು. ಬಾವಿಯ ವಿಷಯ ಎತ್ತಿದೆ, ಅವಳು ತಲೆಯೆತ್ತದೆಯೇ ಹೇಳಿದಳು.

"ಬಾವಿ ತೆರದಿದ್ದು ಖರೇನ ಐತ್ರಿ ಅಕ್ಕೋರ. ಮೊದಲನೇ ಕೊಡ ನಮ್ಮವ್ವಂದs ಅಂತ. ಮುಂದಿನ ಸುಗ್ಗಿಗೆ ದೊಡ್ಡವರು ತಮ್ಮ ಓಣ್ಯಾಗ ಬ್ಯಾರೇ ಬಾವಿ ತೋಡಿಸಿಕೊಂಡ್ರು. ನಮಗ ಯಾರೂ ಏನೂ ಅನ್ನಲಿಲ್ಲ. ಅವರs ಬರೂದು ನಿಲ್ಲಿಸಿದ್ರು."

ಅವಳಿಗೆ ಸಿಟ್ಟಿರಲಿಲ್ಲ. ನನಗೆ ಬಂತು, ಮೈಯೆಲ್ಲ ಉರಿಯುವಷ್ಟು. ಆವತ್ತಿನಿಂದ ಎಲ್ಲಿ ನೋಡಿದರೂ ಆ ಎರಡನೆಯ ಬಾವಿಯೇ ಕಾಣತೊಡಗಿತು. ನಮ್ಮ ಶಾಲೆಯೂ ಎಲ್ಲರಿಗೂ ತೆರೆದಿದೆ. ಉಳ್ಳವರ ಮಕ್ಕಳನ್ನು ಹಳದಿ ವ್ಯಾನುಗಳು ಬೆಳಿಗ್ಗೆ ಪೇಟೆಗೆ ಕರೆದೊಯ್ಯುತ್ತವೆ. ದೇಶ ಹುಟ್ಟಿದ ಕಥೆಯಲ್ಲಿ ಬಾಗಿಲು ತೆರೆದ ದಿನ ಇದೆ, ಮಾರನೆಯ ದಿನ ಯಾರು ಎದ್ದು ಹೋದರು ಎಂಬುದಿಲ್ಲ. ಅದನ್ನೇ ಹತ್ತು ವರ್ಷ ನಾನೂ ಮಕ್ಕಳಿಗೆ ಪಾಠ ಮಾಡಿದ್ದೇನೆ, ಪ್ರಶ್ನೆಪತ್ರಿಕೆಗೂ ಹಾಕಿದ್ದೇನೆ.

ನಾಟಕಕ್ಕೆ ಆ ಸುಗ್ಗಿಯನ್ನೂ ಸೇರಿಸಿದೆ. ಇದನ್ನು ಬರೆದವಳು ಯಾರು ಎಂದು ಕೇಳಿಯೇ ಕೇಳುತ್ತಾರೆ, ಉತ್ತರ ಕೊಟ್ಟರೆ ಮನೆ ಹೋಗುತ್ತದೆ. ಇನ್ನೂ ನಾಲ್ಕು ಬಾಗಿಲು ಬಡಿಯುವ ಶಕ್ತಿ ನನಗಿರಲಿಲ್ಲ. ಆದರೂ ನಮ್ಮ ಶಾಲೆಯಲ್ಲೇ ಓದುವ ನಾಗವ್ವನ ಮೊಮ್ಮಗಳು ಖಾಲಿ ಬಾವಿಕಟ್ಟೆಯ ಬಳಿ ಒಬ್ಬಳೇ ಕೊಡ ಹಿಡಿದು ನಿಂತ ದೃಶ್ಯವನ್ನು ತೆಗೆಯಲು ಮನಸ್ಸಾಗಲಿಲ್ಲ.

ನಾಟಕ ಮುಗಿದಾಗ ಚಪ್ಪಾಳೆ ಅರ್ಧಕ್ಕೇ ನಿಂತಿತು. ಚಹಾ ಕುಡಿಯುವಾಗ ಶಾಲಾ ಸಮಿತಿಯ ಹಿರಿಯರೊಬ್ಬರು ನಗುನಗುತ್ತಲೇ ಅಕ್ಕೋರು ಯಾರ ಪೈಕಿ ಎಂದರು. ಹೇಳಿದೆ. ಅವರು ಚಹಾ ಛಲೋ ಆಗಿದೆ ಎಂದರು. ನನ್ನ ಬಸ್ಸಿಗಿಂತ ಮೊದಲೇ ಸುದ್ದಿ ಬ್ಯಾಡಗಿ ಮುಟ್ಟಿತ್ತು.

ಗೌರವ್ವ ಬಾಗಿಲಲ್ಲೇ ಕಾಯುತ್ತಿದ್ದರು. ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಅವರೇ ಮೊದಲು ಶುರುಮಾಡಿದರು.

"ಖರೇ ಹೇಳಿದ್ರ ನಾ ಮನಿ ಕೊಡತಿದ್ದಿಲ್ಲ ಅಂದ್ಕೊಂಡ್ರೇನ್ರಿ? ನಾ ಅಂಥಾಕಿ ಅಲ್ರಿ. ಎಷ್ಟ್ ವರ್ಷ ಬೇಕಾರ ಇರ್ರಿ."

ಅಲ್ಲೇ ಅತ್ತುಬಿಟ್ಟೆ. ನನ್ನ ಅನುಮಾನದ ಬುದ್ಧಿಗೆ ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಂಡೆ. ಅವರು ಒಳಗೆ ಕರೆದು ಉಪ್ಪಿಟ್ಟು ಕೊಟ್ಟರು, ತಿಂದೆ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ನಳ ಜೋಡಿಸುವವನು ಪೈಪು ಕೊಯ್ಯುತ್ತಿದ್ದ. ಅಲ್ಲಿಯವರೆಗೆ ಗೌರವ್ವನೂ ನಾನೂ ಒಂದೇ ನಳದಲ್ಲಿ ನೀರು ಹಿಡಿಯುತ್ತಿದ್ದೆವು. ಅಕ್ಕೋರಿಗೆ ಶಾಲೆಗೆ ಹೊತ್ತಾಗುತ್ತದೆ, ಕಾಯುವ ತ್ರಾಸ ಬೇಡ, ಅವರದೇ ಒಂದು ಇರಲಿ ಎಂದು ಗೌರವ್ವ ಅವನಿಗೆ ಹೇಳುತ್ತಿದ್ದರು. ದನಿಯಲ್ಲಿ ಕಪಟವಿರಲಿಲ್ಲ, ಅದೇ ನನ್ನನ್ನು ಕೊಂದದ್ದು. ನಾನೂ ಹಟಮಾರಿ. ಸಂಜೆ ನೀರು ಬಿಟ್ಟಾಗ ಹೊಸ ನಳದ ಮುಂದೆಯೇ ಹಾದುಹೋಗಿ ಹಳೆಯದರ ಕೆಳಗೆ ಬಕೇಟು ಇಟ್ಟೆ. ಗೌರವ್ವ ಕೊಡ ಹಿಡಿದು ಬಂದರು, ಅಲ್ಲೇ ತುಂಬಿಸಿಕೊಳ್ಳಿ ಎಂದು ಮೆಲ್ಲಗೆ ನಕ್ಕು ಹೊಸ ನಳಕ್ಕೆ ಹೋದರು. ಅಂದಿನಿಂದ ಅದು ಅವರದು. ಜಗಳವಿಲ್ಲ, ರೊಟ್ಟಿ ಇಂದಿಗೂ ಬರುತ್ತದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳಾದರೂ ನನ್ನೊಡನೆ ಸಿಟ್ಟಾಗಲಿ ಎಂಬ ಆಸೆ. ಅವಳು ಅರ್ಧ ಕೇಳಿಸಿಕೊಂಡು, "ಬೇರೆ ನಲ್ಲಿನೇ ಹಾಕ್ಸ್‌ಕೊಟ್ಟವ್ರಾ? ಒಳ್ಳೆ ಜನ ಕನವ್ವ. ಬಾಯ್ ಮಾಡ್ದೆ ಇದ್ಬುಡು" ಎಂದಳು. ನೀರು ಚೆನ್ನಾಗಿ ಬರುತ್ತದೆಯೇ ಎಂದು ಕೇಳಿದಳು. ಛಲೋ ಬರಾಕತ್ತೈತಿ ಎಂದೆ. ಅಮ್ಮ ಜೋರಾಗಿ ನಕ್ಕಳು.

"ನೀನು ಅವರೋಳೇ ಆಗೋದೆ ಕನವ್ವ."