‘ನಡೀತೈತಿ’ ಮನೆತನದ ಹೋಳಿಗೆ

ಬೆಂಗೇರಿಯ ಕುಬೇರಪ್ಪನವರ ಅಜ್ಜ ಫಕೀರಪ್ಪ ದೊಡ್ಡ ಉಣ್ಣುವ ಕುಳ. ಬಡಿಸುವವರ ಕೈ ಸೋತರೂ ಅವನ ಬಾಯಿ ಸೋಲುತ್ತಿರಲಿಲ್ಲ. ಕಡೆಗೆ ಕೈ ತೊಳೆದು ಮೀಸೆ ಒರೆಸಿ ‘ನಡೀತೈತಿ’ ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚಿನ ಹೊಗಳಿಕೆ ಆ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಮಗ ಶಿದ್ದಪ್ಪ ಹತ್ತಿ ವ್ಯಾಪಾರದಲ್ಲಿ ಗಳಿಸಿದ್ದಕ್ಕಿಂತ ಅಪ್ಪನ ಈ ಮಾತನ್ನೇ ಹೆಚ್ಚು ಜೋಪಾನ ಮಾಡಿದ. ಹೆಂಡತಿ ತೀರಿಕೊಂಡ ದಿನ ಬಂದವರೆಲ್ಲ ಆಕೆಯ ಕೈರುಚಿ ನೆನೆದು ಅಳುತ್ತಿದ್ದರೆ, ‘ನಡೀತಿತ್ತು’ ಎಂದನಂತೆ ಪುಣ್ಯಾತ್ಮ.

ಇಂಥ ಘನವಂಶದ ಕುಡಿ ಕುಬೇರಪ್ಪನವರು, ಹೆಂಡತಿ ಮುರಿಗೆವ್ವ ಮಾಡಿದ ಹೋಳಿಗೆಯನ್ನು ನಲವತ್ತು ವರ್ಷ ತುಪ್ಪ ಸುರಿದುಕೊಂಡು ಉಂಡು, ವಂಶದ ಮಾತಿಗೆ ಒಂದಕ್ಷರವನ್ನೂ ಕೂಡಿಸದೆ ಬದುಕಿದರು.

ಕೆಡಿಸಿದ್ದು ಒಂದು ಸಿನಿಮಾ. ಸೊಸೆ ವಾಣಿಶ್ರೀ ಟೀವಿಯಲ್ಲಿ ಡೆನ್ಮಾರ್ಕ್ ದೇಶದ ಚಿತ್ರವೊಂದನ್ನು ಹಚ್ಚಿದ್ದಳು. ಹೊರಗೆ ಹಿಮ, ಒಳಗೆ ಮೇಣದಬತ್ತಿ. ಒಬ್ಬ ಮುದುಕ ಎರಡು ತಾಸು ಅಡುಗೆ ಮಾಡುತ್ತಾನೆ, ಅಷ್ಟೇ ಕಥೆ. ಸಾರನ್ನು ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚುತ್ತಾನೆ. ಉಂಡವರು ಎದ್ದು ಬಂದು ಅವನ ಕೈಗೆ ಮುತ್ತಿಡುತ್ತಾರೆ. ಕುಬೇರಪ್ಪನವರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.

“ಗಂಡಸು ಅಂದ್ರ ಇಂವ ನೋಡು!”

“ಅಂವನ ಕೈಗೆ ಮುತ್ತು ಕೊಟ್ರು. ನನ್ನ ಕೈಗೆ ಒಂದು ಛಲೋ ಮಾತರೆ ಬಂತೇನ್ರಿ?” ಎಂದಳು ಮುರಿಗೆವ್ವ.

“ಹೋಳಿಗಿ ಮಾಡೂದರಾಗ ಏನೈತಿ ದೊಡ್ಡಸ್ತನ? ಬರೂ ಐತವಾರ ನಾನ ಮಾಡ್ತೇನಿ. ವಾಣಿಶ್ರೀ, ನಿಮ್ಮಪ್ಪಗ ಊಟಕ್ಕ ಬಾ ಅನ್ನು.”

ಹಾಗೆ ಮಾಳಮಡ್ಡಿಯ ಬೀಗರು ಬಸವಪ್ರಭುಗಳು ಐತವಾರ ಬಂದು, ಪಡಸಾಲೆಯಲ್ಲಿ ತಾಟಿನ ಮುಂದೆ ಕೂತರು. ಒಳಗೆ ಕುಬೇರಪ್ಪನವರು ಸಿನಿಮಾದ ಮುದುಕನಂತೆ ಹೂರಣವನ್ನು ಬೆರಳಿಂದ ನೆಕ್ಕಿ ಕಣ್ಣು ಮುಚ್ಚಿದರು.

“ಅಯ್ಯ ಶಿವನ! ದೇವರಿಗೆ ಎಡಿ ಹಿಡಿಯೂಕಿಂತ ಮೊದಲ ಎಂಜಲ ಮಾಡಿದ್ರಲ್ರಿ!” ಹೊಸ್ತಿಲ ಮೇಲೆ ಕೂತಿದ್ದ ಮುರಿಗೆವ್ವ ಹಣೆ ಬಡಿದುಕೊಂಡಳು.

“ಡೆನ್ಮಾರ್ಕದಾಗ ಹಿಂಗ ಮಾಡ್ತಾರ.”

“ಹೌದ? ಅಲ್ಲಿ ಬ್ಯಾಳಿ ನೀರೂ ಬಸಿಯೂದಿಲ್ಲೇನು?”

ಕುಬೇರಪ್ಪನವರು ಪಾತೇಲಿಯೊಳಗೆ ಇಣುಕಿದರು. ಬೆಂದ ಬೇಳೆಯ ನೀರು ಬಸಿಯದೆ ಬೆಲ್ಲ ಸುರಿದಿದ್ದರು. ಮೊದಲ ಹೋಳಿಗೆ ಹಂಚಿಗೆ ಕಚ್ಚಿಕೊಂಡು ಜಪ್ಪಯ್ಯ ಎಂದರೂ ಏಳಲಿಲ್ಲ. ಎರಡನೆಯದು ದ್ವೀಪ ದ್ವೀಪವಾಗಿ ಒಡೆದು ಡೆನ್ಮಾರ್ಕಿನ ನಕಾಶೆಯಾಯಿತು.

“ಬೀಗರ, ಒಳಗ ಹಿಮಾ ಬೀಳಾಕತ್ತೇತೇನ್ರಿ?” ಪಡಸಾಲೆಯಿಂದ ದನಿ ಬಂತು. ಮಗಳು ಸಿನಿಮಾದ ಸುದ್ದಿ ಮುಟ್ಟಿಸಿದ್ದಳು. ಇವತ್ತು ಹೋಳಿಗೆ ಕೆಟ್ಟರೆ ಈ ಬೀಗರು ಸಾಯುವತನಕ ಆಡಿಕೊಳ್ಳುತ್ತಾರೆ. ಕುಬೇರಪ್ಪನವರು ಹೆಂಡತಿಯತ್ತ ನೋಡಿದರು.

ಮುರಿಗೆವ್ವ ಸೆರಗು ಸಿಕ್ಕಿಸಿ ಎದ್ದಳು. “ಸರೀರಿ. ಹೂರಣ ಮತ್ತ ಒಲಿ ಮ್ಯಾಲಿಟ್ಟು ಗಟ್ಟಿ ಮಾಡಿ, ಲಗೂನ ಬೇಸಿ ಕೊಡ್ತೇನಿ. ಅದಕ್ಕೂ ಮೊದಲ ಒಂದ ಮಾತು ಹೇಳ್ರಿ. ಇಷ್ಟು ವರ್ಷ ನನ್ನ ಹೋಳಿಗಿ ಹೆಂಗಿದ್ದುವು? ನಿಮ್ಮಜ್ಜನ ಮಾತು ಬ್ಯಾಡ, ನಿಮ್ಮದು ಹೇಳ್ರಿ.”

ಕುಬೇರಪ್ಪನವರು ಬಾಯಿ ತೆರೆದರು. ಛಲೋ ಎಂಬ ಮಾತು ನಾಲಿಗೆಯ ಬುಡದವರೆಗೆ ಬಂದಿತ್ತು. ಅಷ್ಟರಲ್ಲಿ ಅಜ್ಜ ಫಕೀರಪ್ಪ ಗಂಟಲಿಗೆ ಅಡ್ಡ ಮಲಗಿದ, ಅವನ ಮೇಲೆ ಅಪ್ಪ ಶಿದ್ದಪ್ಪ. ಕುಬೇರಪ್ಪನವರು ಲಟ್ಟಣಿಗೆಯನ್ನು ಬಿಗಿಹಿಡಿದರು.

“ಬ್ಯಾಡ, ನೀ ಕುಂದರು. ಹರದರ ಹರೀಲಿ, ಹೊತ್ತಿದರ ಹೊತ್ತಲಿ, ನನ್ನ ಹೋಳಿಗಿ ನಾನ ಬೇಸ್ತೇನಿ. ಬೀಗರಿಗೆ ಇನ್ನೊಂದು ತಂಬಿಗಿ ನೀರು ಕೊಡು.”